ಮೂರು ಬೀಗದ ಪೆಟ್ಟಿಗೆ

1096ರಲ್ಲಿ ನಾರ್ಮಂಡಿಯ ಡ್ಯೂಕ್ ರಾಬರ್ಟ್ ತನ್ನ ಇಡೀ ಸೀಮೆಯನ್ನು ತಮ್ಮನಿಗೆ ಭೋಗ್ಯಕ್ಕೆ ಹಾಕಿದ. ತಮ್ಮನೆಂದರೆ ಇಂಗ್ಲೆಂಡಿನ ದೊರೆ ಎರಡನೆಯ ವಿಲಿಯಂ. ಗೊತ್ತುಮಾಡಿಕೊಂಡ ಮೊತ್ತ 10,000 ಮಾರ್ಕ್ ಬೆಳ್ಳಿ. ಹಿಂದಿನ ವರ್ಷ ನವೆಂಬರ್ 27ರಂದು ಫ್ರಾನ್ಸಿನ ಕ್ಲೆರ್ಮಾಂಟಿನಲ್ಲಿ ಪೋಪ್ ಎರಡನೆಯ ಅರ್ಬನ್, ಜೆರುಸಲೇಮನ್ನು ಮುಸ್ಲಿಮರ ಕೈಯಿಂದ ಬಿಡಿಸಲು ಬನ್ನಿ ಎಂದು ಕರೆ ಕೊಟ್ಟಿದ್ದ. ಹೊರಟವರಿಗೆ ಪಾಪದ ಪ್ರಾಯಶ್ಚಿತ್ತದಿಂದ ಮಾಫಿ. ರಾಬರ್ಟನಿಗೆ ಹೋಗುವ ಮನಸ್ಸಿತ್ತು, ಕೈಯಲ್ಲಿ ಕಾಸಿರಲಿಲ್ಲ. ಹಾಗೆ ನೋಡಿದರೆ ವಿಲಿಯಮನ ಕೈಯಲ್ಲೂ ಅಷ್ಟು ಹಣವಿರಲಿಲ್ಲ. ಆದರೆ ಅವನ ಕೆಳಗೆ ಇಂಗ್ಲೆಂಡಿನ ರೈತರಿದ್ದರು. ಒಂದು ಹೈಡ್ ಜಮೀನಿಗೆ ನಾಲ್ಕು ಶಿಲ್ಲಿಂಗ್ ಎಂದು ಕಂದಾಯ ಹೇರಿದ. ಮಠಗಳು ತಮ್ಮ ಪಾಲು ತೀರಿಸಲು ಪೂಜೆಯ ಬೆಳ್ಳಿ ಪಾತ್ರೆಗಳನ್ನೇ ಕರಗಿಸಬೇಕಾಯಿತು. ಡ್ಯೂಕನ ಪುಣ್ಯಯಾತ್ರೆಗೆ ದುಡ್ಡು ಕೊಟ್ಟವರು ಅವನ ಮುಖವನ್ನೂ ನೋಡದ ಜನ.

ಮೂರು ವರ್ಷಗಳ ಬಳಿಕ, 1099ರ ಜುಲೈನಲ್ಲಿ, ಜೆರುಸಲೇಮಿನ ಕೋಟೆಗೆ ಲಗ್ಗೆ ಹಾಕಿದವರಲ್ಲಿ ರಾಬರ್ಟನೂ ಒಬ್ಬ. ವಾಪಸು ಬರುವ ದಾರಿಯಲ್ಲಿ ಇಟಲಿಯಲ್ಲಿ ಮದುವೆಯಾದ. ಹೆಂಡತಿ ತಂದ ಹಣದಲ್ಲಿ ಭೋಗ್ಯ ಬಿಡಿಸಿಕೊಳ್ಳುವ ಲೆಕ್ಕಾಚಾರ. ಅವನು ಮನೆ ಮುಟ್ಟುವ ಮುಂಚೆಯೇ, 1100ರ ಆಗಸ್ಟಿನಲ್ಲಿ, ವಿಲಿಯಂ ಬೇಟೆಯಾಡುವಾಗ ಬಾಣ ತಗುಲಿ ಸತ್ತ. ಸಾಲ ತೀರಿಸುವ ಪ್ರಶ್ನೆಯೇ ಉಳಿಯಲಿಲ್ಲ. ಆದರೆ ಹಿರಿಯಣ್ಣ ಊರಲ್ಲಿಲ್ಲದ ಹೊತ್ತು ನೋಡಿ ಕೊನೆಯ ತಮ್ಮ ಹೆನ್ರಿ ಇಂಗ್ಲೆಂಡಿನ ಸಿಂಹಾಸನ ಏರಿಬಿಟ್ಟಿದ್ದ. 1106ರಲ್ಲಿ ನಾರ್ಮಂಡಿಯನ್ನೂ ಕಿತ್ತುಕೊಂಡ. ಜೆರುಸಲೇಮ್ ಗೆದ್ದ ವೀರ ತಮ್ಮನ ಸೆರೆಮನೆಯಲ್ಲಿ 28 ವರ್ಷ ಕಳೆದು 1134ರಲ್ಲಿ ಕಾರ್ಡಿಫ್ ಕೋಟೆಯಲ್ಲಿ ತೀರಿಕೊಂಡ.

ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ‘ಧರ್ಮಯುದ್ಧಗಳ ಪರಿಣಾಮಗಳು’ ಎಂಬ ಉತ್ತರದಲ್ಲಿ ಇಂಥ ಸಂಗತಿಗಳು ಇರುತ್ತಿರಲಿಲ್ಲ. ವ್ಯಾಪಾರ ಬೆಳೆಯಿತು, ಊಳಿಗಮಾನ್ಯ ಪದ್ಧತಿ ಕುಸಿಯಿತು, ಪೂರ್ವದ ಜ್ಞಾನ ಪಶ್ಚಿಮಕ್ಕೆ ಹರಿಯಿತು ಎಂದು ಬರೆದರೆ ಅಂಕ ಸಿಗುತ್ತಿತ್ತು. ಅದರಲ್ಲಿ ಅರ್ಧ ನಿಜ. ವೆನಿಸ್, ಜಿನೋವಾಗಳು ಕೊಬ್ಬಿದ್ದು ಹೌದು. ಅರಬ್ಬರ ಗಣಿತ, ವೈದ್ಯ, ತತ್ತ್ವಶಾಸ್ತ್ರ ಯುರೋಪಿಗೆ ಬಂದದ್ದಂತೂ ಬಹುಪಾಲು ಸ್ಪೇನ್ ಮತ್ತು ಸಿಸಿಲಿಯ ದಾರಿಯಲ್ಲಿ, ಅನುವಾದಕರ ಮೇಜಿನ ಮೇಲೆ. ಕತ್ತಿ ಹಿಡಿದವರಿಗೆ ಅದರ ಶ್ರೇಯ ಕೊಡಬೇಕಾಗಿಲ್ಲ. ಯುದ್ಧ ಯುರೋಪಿಗೆ ಕೊಟ್ಟದ್ದು ಬೇರೆಯೇ ಇದೆ. ಹೊರಗಿನ ಶತ್ರುವಿಗೆಂದು ಕಟ್ಟಿದ ತೆರಿಗೆ, ಸಾಲದ ಕಾನೂನು, ವಿಚಾರಣೆಯ ಪೀಠ ಎಲ್ಲವೂ ಶತ್ರುವನ್ನು ಮುಟ್ಟುವ ಮೊದಲೇ, ಮುಟ್ಟಿದ್ದಕ್ಕಿಂತ ಜಾಸ್ತಿ, ಸ್ವಂತ ಊರಿನವರ ಮೇಲೆ ತಿರುಗಿದವು. ಪೂರ್ವದಲ್ಲಿ ಗೆದ್ದ ನೆಲ 1291ರಲ್ಲಿ ಆಕ್ರೆ ಪಟ್ಟಣ ಬೀಳುವುದರೊಂದಿಗೆ ಕೈಬಿಟ್ಟಿತು. ಮನೆಯಲ್ಲಿ ಕಟ್ಟಿದ್ದು ಮಾತ್ರ ಉಳಿಯಿತು.

ತಿರುಗಲು ಬಹಳ ಕಾಲವೇನೂ ಬೇಕಾಗಲಿಲ್ಲ. ಪೋಪ್ ಗೊತ್ತುಮಾಡಿದ ಪ್ರಯಾಣದ ದಿನ 1096ರ ಆಗಸ್ಟ್ 15. ಮೇ ತಿಂಗಳಲ್ಲೇ ರೈನ್ ನದಿಯ ದಡದ ಪಟ್ಟಣಗಳಲ್ಲಿ ರಕ್ತ ಹರಿದಿತ್ತು. ದೂರದ ಶತ್ರುವನ್ನು ಹುಡುಕಿಕೊಂಡು ಹೋಗುವ ನಾವು ಕ್ರಿಸ್ತನನ್ನು ಕೊಂದ ಯೆಹೂದಿಗಳನ್ನು ಪಕ್ಕದ ಬೀದಿಯಲ್ಲಿ ಬಿಟ್ಟು ಹೋಗುವುದೇ ಎಂಬ ತರ್ಕ ಗುಂಪುಗಳಲ್ಲಿ ಹಬ್ಬಿತು. ಎಮಿಕೊ ಎಂಬ ಸಾಮಂತ ಅದರ ಮುಂದಾಳುಗಳಲ್ಲೊಬ್ಬ. ಸ್ಪೈಯರ್ ಪಟ್ಟಣದ ಬಿಷಪ್ ಯೋಹಾನ್ ಗಟ್ಟಿಗ. ಯೆಹೂದಿಗಳನ್ನು ತನ್ನ ರಕ್ಷಣೆಗೆ ತೆಗೆದುಕೊಂಡು, ಕೊಲೆಗೆ ಕೈ ಹಾಕಿದ ಕೆಲವರ ಕೈಗಳನ್ನೇ ಕಡಿಸಿದ. ಅಲ್ಲಿ ಸತ್ತವರು 11 ಜನ. ವೋರ್ಮ್ಸ್‌ನಲ್ಲಿ ಸುಮಾರು 800. ಮೈನ್ಸ್ ಪಟ್ಟಣದಲ್ಲಿ ಯೆಹೂದಿಗಳು ಆರ್ಚ್‌ಬಿಷಪ್ಪನ ಅಂಗಳದಲ್ಲಿ ಆಶ್ರಯ ಪಡೆದಿದ್ದರು. ಒಳಗಿನವರೇ ಊರಬಾಗಿಲು ತೆರೆದರು, ಆರ್ಚ್‌ಬಿಷಪ್ ಓಡಿಹೋದ. ಮತ ಬಿಡುವುದಕ್ಕಿಂತ ಸಾವೇ ಲೇಸೆಂದು ತಾಯಂದಿರು ಮಕ್ಕಳ ಕುತ್ತಿಗೆಗೆ ತಾವೇ ಚಾಕು ಹಾಕಿದ್ದನ್ನು ಮುಂದಿನ ತಲೆಮಾರಿನ ಹೀಬ್ರೂ ವೃತ್ತಾಂತಗಳು ಬರೆದಿಟ್ಟಿವೆ. ಎಮಿಕೊನ ದಂಡು ಜೆರುಸಲೇಮಿರಲಿ, ಹಂಗೇರಿಯ ಗಡಿಯನ್ನೂ ದಾಟಲಿಲ್ಲ. ಅಲ್ಲಿಯ ದೊರೆ ಕೊಲೊಮನ್ ಅದನ್ನು ಚಿಂದಿ ಮಾಡಿದ.

ಹಾಗೆಂದು ಚರ್ಚು ಈ ಕೊಲೆಗಳನ್ನು ಹೇಳಿ ಮಾಡಿಸಿತೆನ್ನುವುದು ತಪ್ಪು. ಪೋಪ್ ಹೇಳಿರಲಿಲ್ಲ, ಎಷ್ಟೋ ಬಿಷಪ್ಪರು ತಡೆಯಲು ನೋಡಿದರು. ಐವತ್ತು ವರ್ಷದ ನಂತರ ಎರಡನೆಯ ದಂಡಯಾತ್ರೆಯ ಹೊತ್ತಿಗೆ ರಾಡುಲ್ಫ್ ಎಂಬ ಸಂನ್ಯಾಸಿ ಅದೇ ರೈನ್ ದಡದಲ್ಲಿ ಅದೇ ಬೆಂಕಿ ಹಚ್ಚತೊಡಗಿದಾಗ, ಆ ಯುದ್ಧದ ಮುಖ್ಯ ಪ್ರಚಾರಕನಾಗಿದ್ದ ಕ್ಲೇರ್ವೋದ ಬರ್ನಾರ್ಡನೇ ಹೋಗಿ ಅವನ ಬಾಯಿ ಮುಚ್ಚಿಸಿದ. ಆದರೆ ರಕ್ಷಣೆಗೂ ಬೆಲೆ ಇತ್ತು. 1103ರಲ್ಲಿ ಜರ್ಮನ್ ಚಕ್ರವರ್ತಿ ನಾಲ್ಕನೆಯ ಹೆನ್ರಿ ಹೊರಡಿಸಿದ ಶಾಂತಿ ಶಾಸನ ಯೆಹೂದಿಗಳನ್ನು ವಿಶೇಷ ರಕ್ಷಣೆ ಬೇಕಾದವರ ಪಟ್ಟಿಗೆ ಸೇರಿಸಿತು. 1236ರ ಹೊತ್ತಿಗೆ ಎರಡನೆಯ ಫ್ರೆಡರಿಕ್ ಅವರನ್ನು ತನ್ನ ಖಜಾನೆಯ ದಾಸರೆಂದು ಕರೆದ. ಕಾಯುವವನ ಸೊತ್ತಾಗಿ ಮಾರ್ಪಟ್ಟರು.

ಇನ್ನು ಹೊರಟವರ ಮನೆಗಳ ಕಥೆ. ಒಬ್ಬ ಸಾಧಾರಣ ನೈಟ್ ಕುದುರೆ, ಕವಚ, ಆಳುಗಳೊಂದಿಗೆ ಜೆರುಸಲೇಮಿಗೆ ಹೋಗಿಬರಲು ಅವನ ನಾಲ್ಕೈದು ವರ್ಷದ ಆದಾಯ ಬೇಕಿತ್ತೆಂದು ಇತಿಹಾಸಕಾರರ ಅಂದಾಜು. ದೊಡ್ಡವರೂ ಚಿಕ್ಕವರೂ ಹೊಲ, ಗಾಣ, ಕಾಡು, ಸುಂಕದ ಹಕ್ಕು ಎಲ್ಲವನ್ನೂ ಅಡವಿಟ್ಟರು. ದುಡ್ಡಿದ್ದದ್ದು ಮಠಗಳಲ್ಲಿ. ಬೂಯಾನಿನ ಗಾಡ್‌ಫ್ರೆ ತನ್ನ ಕೋಟೆಯನ್ನು ಲಿಯೇಜಿನ ಬಿಷಪ್ಪನಿಗೆ ಬರೆದುಕೊಟ್ಟ. ಬಿಷಪ್ ಅದಕ್ಕೆ ಹಣ ಹೊಂದಿಸಲು ಸಂತರ ಅಸ್ಥಿ ಇಟ್ಟ ಪೆಟ್ಟಿಗೆಗಳ ಚಿನ್ನ, ಹರಳುಗಳನ್ನು ಕೀಳಿಸಿದ. ಗಾಡ್‌ಫ್ರೆ ಮರಳಿ ಬರಲಿಲ್ಲ, ಕೋಟೆಯೂ ಮನೆತನಕ್ಕೆ ಮರಳಲಿಲ್ಲ. ಫ್ರಾನ್ಸಿನ ಎಷ್ಟೋ ಮಠಗಳ ದಸ್ತಾವೇಜಿನಲ್ಲಿ ಇಂಥ ಅಡವುಪತ್ರಗಳು ಸಾಲುಗಟ್ಟಿವೆ. ಲೂಟಿ ಮಾಡಿ ಸಾಹುಕಾರರಾಗಲು ಹೊರಟವರೆಂಬ ಹಳೆಯ ವಾದ ಈ ಕಾಗದಗಳ ಮುಂದೆ ನಿಲ್ಲುವುದಿಲ್ಲ. ಬಹುತೇಕರು ಇದ್ದದ್ದನ್ನೂ ಕಳೆದುಕೊಂಡರು, ಅದೂ ತಿಳಿದೇ.

ಗಂಡಸರು ಹೋದ ಮೇಲೆ ಸೀಮೆ ಆಳಿದವರು ಹೆಂಗಸರು. ಬ್ಲೋವಾದ ಸಾಮಂತ ಸ್ಟೀಫನ್‌ನ ಹೆಂಡತಿ ಅಡೆಲಾ ಅವರಲ್ಲಿ ಹೆಸರಾದವಳು. ಅವಳು ಇಂಗ್ಲೆಂಡ್ ಗೆದ್ದ ವಿಲಿಯಮನ ಮಗಳು, ಮೊದಲು ಹೇಳಿದ ರಾಬರ್ಟನ ತಂಗಿ. ಗಂಡ ಯುದ್ಧಭೂಮಿಯಿಂದ ಅವಳಿಗೆ ಬರೆದ ಪತ್ರಗಳು ಇಂದಿಗೂ ಉಳಿದಿವೆ. ಮಾತು ತುಂಬ ಪ್ರೀತಿಯದು. 1098ರಲ್ಲಿ ಅಂತಿಯೋಕ್ ಮುತ್ತಿಗೆಯ ನಡುವೆ ಈ ಸ್ಟೀಫನ್ ಕಂಗೆಟ್ಟು ಊರಿಗೆ ಓಡಿಬಂದ. ಓಡಿಬಂದವನಿಗೆ ಊರಲ್ಲಿ ತಲೆ ಎತ್ತಲಾಗಲಿಲ್ಲ. ಮತ್ತೆ ಹೋಗು ಎಂದು ಹೆಂಡತಿಯೇ ಬೆನ್ನು ಬಿದ್ದಳೆಂದು ಆರ್ಡೆರಿಕ್ ಎಂಬ ಸಂನ್ಯಾಸಿ ಬರೆಯುತ್ತಾನೆ. ಹೋದ; 1102ರಲ್ಲಿ ರಾಮ್ಲಾದ ಕಾಳಗದಲ್ಲಿ ಸತ್ತ. ಅಡೆಲಾ ಮಕ್ಕಳನ್ನೂ ಸೀಮೆಯನ್ನೂ ಸಂಭಾಳಿಸಿದಳು. ಒಬ್ಬ ಮಗ ಮುಂದೆ ಇಂಗ್ಲೆಂಡಿನ ದೊರೆಯಾದ. ಇಂಥವರನ್ನು ಹೆಸರಿಸಿ ಮಹಿಳೆಗೆ ಅಧಿಕಾರ ಸಿಕ್ಕಿತೆಂದು ಸಂತೋಷಪಡುವ ಮೊದಲು 1201ರ ಒಂದು ತೀರ್ಪನ್ನೂ ಓದಬೇಕು. ಅದುವರೆಗೆ ಹೆಂಡತಿಯ ಒಪ್ಪಿಗೆ ಇಲ್ಲದೆ ಗಂಡ ದೀರ್ಘಯಾತ್ರೆಯ ಹರಕೆ ಹೊರುವಂತಿರಲಿಲ್ಲ. ಪೋಪ್ ಮೂರನೆಯ ಇನ್ನೊಸೆಂಟ್ ಜೆರುಸಲೇಮಿನ ಹರಕೆಗೆ ಆ ಒಪ್ಪಿಗೆ ಬೇಡವೆಂದ. ಯುದ್ಧಕ್ಕೆ ಆಳು ಬೇಕಿತ್ತು, ಮದುವೆಯ ನಿಯಮ ಸಡಿಲವಾಯಿತು.

ಸಾಲದ ನಿಯಮವೂ ಹೀಗೇ ಸಡಿಲವಾಗಿತ್ತು. 1145ರ ಪೋಪನ ಆಜ್ಞೆಯಂತೆ ಶಿಲುಬೆ ಧರಿಸಿ ಹೊರಟವನು ಹಳೆಯ ಸಾಲಕ್ಕೆ ಬಡ್ಡಿ ಕೊಡಬೇಕಾಗಿರಲಿಲ್ಲ. ನ್ಯಾಯಾಲಯದಲ್ಲಿ ಅವನ ಮೇಲಿದ್ದ ದಾವೆಗಳೂ ಮುಂದಕ್ಕೆ ಹೋಗುತ್ತಿದ್ದವು. ಕ್ರೈಸ್ತರು ಬಡ್ಡಿ ವ್ಯವಹಾರ ಮಾಡುವುದಕ್ಕೆ ಚರ್ಚಿನ ನಿಷೇಧವಿತ್ತು. ಯೆಹೂದಿಗಳಿಗೆ ಬೇರೆ ಕಸುಬುಗಳ ಬಾಗಿಲು ಒಂದೊಂದಾಗಿ ಮುಚ್ಚುತ್ತಿದ್ದವು. ಹೀಗೆ ಸಾಲ ಕೊಡುವವನು ಯೆಹೂದಿ, ಸಾಲಗಾರ ಶಿಲುಬೆ ಹೊತ್ತ ಯೋಧ ಎನ್ನುವ ಜೋಡಿ ಏರ್ಪಟ್ಟಿತು. ಅದರ ಫಲ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಕಾಣಿಸಿತು.

1187ರಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್ ಜೆರುಸಲೇಮನ್ನು ಮರಳಿ ಪಡೆದಿದ್ದ. ಇಂಗ್ಲೆಂಡಿನ ಹೊಸ ದೊರೆ ರಿಚರ್ಡ್ ಮೂರನೆಯ ದಂಡಯಾತ್ರೆಗೆ ಸಿದ್ಧನಾಗುತ್ತಿದ್ದ. 1189ರ ಸೆಪ್ಟೆಂಬರಿನಲ್ಲಿ ಅವನ ಪಟ್ಟಾಭಿಷೇಕದ ದಿನವೇ ಲಂಡನ್ನಿನಲ್ಲಿ ಯೆಹೂದಿಗಳ ಮೇಲೆ ದೊಂಬಿ ನಡೆಯಿತು. ಅವನು ಸಮುದ್ರ ದಾಟಿದ ಮೇಲೆ ಅದು ಊರೂರಿಗೆ ಹಬ್ಬಿತು. 1190ರ ಮಾರ್ಚಿನಲ್ಲಿ ಯಾರ್ಕಿನ ಯೆಹೂದಿಗಳು ರಾಜನ ಮರದ ಕೋಟೆಯೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡರು. ಹೊರಗೆ ಯಾತ್ರೆಗೆ ಹೊರಡಲಿದ್ದ ಯುವಕರು, ಪಟ್ಟಣದ ಪುಂಡರು, ಅವರೆಲ್ಲರ ಹಿಂದೆ ರಿಚರ್ಡ್ ಮಾಲೆಬಿಸ್ಸೆಯಂಥ ಕುಲೀನರು. ಈ ಕುಲೀನರು ಯೆಹೂದಿಗಳಿಗೆ ಕುತ್ತಿಗೆಮಟ್ಟ ಸಾಲ ಬಾಕಿ ಇದ್ದವರು. ಮಾರ್ಚ್ 16ರ ರಾತ್ರಿ ಒಳಗಿದ್ದ ಹೆಚ್ಚಿನವರು ತಮ್ಮವರ ಕೈಯಿಂದಲೇ ಸತ್ತರು. ಜೀವ ಉಳಿಸುತ್ತೇವೆಂಬ ಮಾತು ನಂಬಿ ಬೆಳಗ್ಗೆ ಹೊರಬಂದವರನ್ನು ಹೊರಗಿನವರು ಕೊಂದರು. ಒಟ್ಟು ಸುಮಾರು 150 ಮಂದಿ. ಆಮೇಲೆ ಆ ಗುಂಪು ಎಲ್ಲಿಗೆ ಹೋಯಿತೆಂಬುದನ್ನು ಗಮನಿಸಬೇಕು. ನೇರ ಯಾರ್ಕಿನ ಪ್ರಧಾನ ಚರ್ಚಿಗೆ. ಸಾಲಪತ್ರಗಳನ್ನು ಭದ್ರವಾಗಿ ಇಟ್ಟದ್ದು ಅಲ್ಲಿ. ಅವನ್ನು ಕಾವಲಿನವರಿಂದ ಕಿತ್ತುಕೊಂಡು ಚರ್ಚಿನ ನಡುನೆಲದ ಮೇಲೆ ಗುಡ್ಡೆ ಹಾಕಿ ಸುಟ್ಟರು. ಆಮೇಲೆ ಕೆಲವರು ಜೆರುಸಲೇಮಿನ ಹಾದಿ ಹಿಡಿದರು.

ಯಾರಿಗೂ ಮರಣದಂಡನೆಯಾಗಲಿಲ್ಲ. ಆದರೆ ಸರ್ಕಾರಕ್ಕೆ ಹೊಟ್ಟೆ ಉರಿಯಿತು. ಯೆಹೂದಿ ಸತ್ತರೆ ಅವನಿಗೆ ಬರಬೇಕಾದ ಬಾಕಿ ರಾಜನಿಗೆ ಸೇರಬೇಕು. ಪತ್ರವೇ ಸುಟ್ಟರೆ ವಸೂಲಿ ಹೇಗೆ? 1194ರಲ್ಲಿ ಹೊಸ ವ್ಯವಸ್ಥೆ ಬಂತು. ಗೊತ್ತಾದ ಪಟ್ಟಣಗಳಲ್ಲಿ ಮಾತ್ರ ಸಾಲದ ವ್ಯವಹಾರ ನಡೆಯಬೇಕು. ಒಂದೇ ಹಾಳೆಯ ಮೇಲೆ ಕರಾರನ್ನು ಎರಡು ಸಲ ಬರೆದು ನಡುವೆ ಕತ್ತರಿಸಬೇಕು. ಒಂದು ಚೂರು ಸಾಲ ಕೊಟ್ಟವನಿಗೆ, ಇನ್ನೊಂದು ಸಾರ್ವಜನಿಕ ಪೆಟ್ಟಿಗೆಗೆ. ಪೆಟ್ಟಿಗೆಗೆ ಮೂರು ಬೀಗ: ಒಂದರ ಕೀಲಿ ಯೆಹೂದಿಗಳ ಬಳಿ, ಇನ್ನೊಂದು ಕ್ರೈಸ್ತರ ಬಳಿ, ಮೂರನೆಯದು ರಾಜನ ಗುಮಾಸ್ತರ ಬಳಿ. ಹತ್ಯಾಕಾಂಡಕ್ಕೆ ರಾಜ್ಯ ಕೊಟ್ಟ ಉತ್ತರ ಒಂದು ದಫ್ತರ. ಅಚ್ಚುಕಟ್ಟಾದ ದಫ್ತರವೆಂಬುದನ್ನು ಒಪ್ಪಬೇಕು. ಯಾವ ಯೆಹೂದಿಯ ಕೈಯಲ್ಲಿ ಎಷ್ಟಿದೆ, ಎಷ್ಟು ಹಿಂಡಬಹುದು ಎಂಬುದು ಇನ್ನು ಮುಂದೆ ರಾಜನಿಗೆ ಕಾಸಿನ ಲೆಕ್ಕದಲ್ಲಿ ಗೊತ್ತಿರುತ್ತಿತ್ತು.

ಐದು ವರ್ಷದ ನಂತರ ಅಂಥದೇ ಇನ್ನೊಂದು ಪೆಟ್ಟಿಗೆ ಚರ್ಚಿನೊಳಗೆ ಬಂದು ಕೂತಿತು. 1199ರ ಕೊನೆಯಲ್ಲಿ ಮೂರನೆಯ ಇನ್ನೊಸೆಂಟ್ ದಂಡಯಾತ್ರೆಗೆಂದು ಪಾದ್ರಿವರ್ಗದ ಆದಾಯದ ಮೇಲೆ ನಲವತ್ತರಲ್ಲೊಂದು ಪಾಲು ತೆರಿಗೆ ವಿಧಿಸಿದ. ಜತೆಗೆ ಪ್ರತಿ ಚರ್ಚಿನಲ್ಲೂ ಜನರ ಕಾಣಿಕೆಗೆ ಪೊಳ್ಳುಮರದ ಪೆಟ್ಟಿಗೆ ಇಡಲು ಹೇಳಿದ. ಅದಕ್ಕೂ ಮೂರು ಕೀಲಿ. ಬಿಷಪ್ಪನಿಗೊಂದು, ಊರ ಪಾದ್ರಿಗೊಂದು, ದೈವಭಕ್ತನಾದ ಗೃಹಸ್ಥನಿಗೊಂದು. ಯಾರೂ ಯಾರನ್ನೂ ನಂಬುತ್ತಿರಲಿಲ್ಲವೆಂಬುದು ಸ್ಪಷ್ಟ. ನಂಬದಿರಲು ಕಾರಣವೂ ಇತ್ತು. 1188ರಲ್ಲಿ ಇಂಗ್ಲೆಂಡಿನಲ್ಲಿ ಮೂರನೆಯ ದಂಡಯಾತ್ರೆಗೆಂದು ‘ಸಲಾದಿನ್ ದಶಾಂಶ’ ಎಂಬ ತೆರಿಗೆ ಎತ್ತುವಾಗ ಗಿಲ್ಬರ್ಟ್ ಎಂಬ ಟೆಂಪ್ಲರ್ ಸಂನ್ಯಾಸಿಯೋಧನೇ ಹಣ ಕದ್ದು ಸಿಕ್ಕಿಬಿದ್ದಿದ್ದ.

ಆ ದಶಾಂಶದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದುವರೆಗಿನ ಕಂದಾಯ ಹೆಚ್ಚಾಗಿ ಜಮೀನಿನ ಮೇಲೆ. ಇದು ವರಮಾನದ ಮೇಲೆ, ದನಕರು, ಧಾನ್ಯ, ಸರಕಿನ ಮೇಲೆ, ಹತ್ತರಲ್ಲೊಂದು ಪಾಲು. ಹಣ ಕಟ್ಟಬೇಕಾದದ್ದು ಊರ ಚರ್ಚಿನ ಮಟ್ಟದಲ್ಲಿ, ಪಾದ್ರಿ, ಟೆಂಪ್ಲರ್, ಅಂಥದೇ ಇನ್ನೊಂದು ಸಂಘದ ಹಾಸ್ಪಿಟಲರ್, ರಾಜನ ಗುಮಾಸ್ತ, ಸಾಮಂತನ ಗುಮಾಸ್ತ ಎಲ್ಲರ ಕಣ್ಣೆದುರು. ಯಾರಾದರೂ ಕಡಿಮೆ ತೋರಿಸಿದನೆಂಬ ಅನುಮಾನ ಬಂದರೆ ಅದೇ ಊರಿನ ನಾಲ್ಕೋ ಆರೋ ಮಂದಿ ಆಣೆ ಇಟ್ಟು ಅವನ ಆಸ್ತಿ ಎಷ್ಟೆಂದು ಹೇಳಬೇಕು. ನೆರೆಯವನ ಕೊಟ್ಟಿಗೆಯಲ್ಲಿ ಎಷ್ಟು ದನವಿದೆಯೆಂದು ನೆರೆಯವನಿಗಲ್ಲದೆ ಇನ್ನಾರಿಗೆ ಗೊತ್ತು? ಫ್ರಾನ್ಸಿನಲ್ಲಿ ಇದೇ ತೆರಿಗೆಗೆ ಎಷ್ಟು ವಿರೋಧ ಬಂತೆಂದರೆ ದೊರೆ ಎರಡನೆಯ ಫಿಲಿಪ್ ಮರುವರ್ಷವೇ ಅದನ್ನು ಹಿಂತೆಗೆದುಕೊಂಡು, ಇನ್ನೆಂದೂ ಹಾಕುವುದಿಲ್ಲವೆಂದು ಮಾತು ಕೊಟ್ಟ. ಇಂಗ್ಲೆಂಡಿನಲ್ಲಿ ಅದು ಬೇರುಬಿಟ್ಟಿತು. ದಂಡಯಾತ್ರೆಯಿಂದ ಮರಳುವಾಗ ಸೆರೆಸಿಕ್ಕ ರಿಚರ್ಡನನ್ನು ಬಿಡಿಸಲು 1193ರಲ್ಲಿ ಇದೇ ಬಗೆಯಲ್ಲಿ ಕಾಲುಪಾಲು ಎತ್ತಿದರು. 1207ರಲ್ಲಿ ಜಾನ್ ದೊರೆ ಹದಿಮೂರರಲ್ಲೊಂದು ಪಾಲನ್ನು ಯಾವ ಧರ್ಮಯುದ್ಧದ ಹೆಸರೂ ಇಲ್ಲದೆ ತನ್ನ ಖರ್ಚಿಗೇ ಎತ್ತಿದ.

ಇಲ್ಲಿಂದ ಹುಟ್ಟಿದ ಒಂದು ಒಳ್ಳೆಯದನ್ನು ಹೇಳದಿದ್ದರೆ ಅನ್ಯಾಯವಾದೀತು. ಪದೇ ಪದೇ ಕೇಳಿದಾಗ, ಕೊಡುವವರೂ ಪ್ರತಿಯಾಗಿ ಕೇಳತೊಡಗಿದರು. 1225ರಲ್ಲಿ ಹದಿನೈದರಲ್ಲೊಂದು ಪಾಲು ಕೊಟ್ಟು, ಬದಲಿಗೆ ದೊರೆಯ ಅಧಿಕಾರಕ್ಕೆ ಮಿತಿ ಹಾಕುವ ಮ್ಯಾಗ್ನಾ ಕಾರ್ಟಾ ಸನ್ನದನ್ನು ಮತ್ತೆ ಹೊರಡಿಸಿಕೊಂಡರು. ಒಪ್ಪಿಗೆಯಿಲ್ಲದೆ ತೆರಿಗೆಯಿಲ್ಲ ಎಂಬ ಪದ್ಧತಿ, ಅದರ ಬೆನ್ನಿಗೆ ಪಾರ್ಲಿಮೆಂಟು ಬೆಳೆದವು. ಆದರೆ ಈ ಒಪ್ಪಿಗೆಗೆ ಯಾರು ಬೆಲೆ ತೆತ್ತರು? 1270ರಲ್ಲಿ ರಾಜಕುಮಾರ ಎಡ್ವರ್ಡನ ದಂಡಯಾತ್ರೆಗೆ ಪಾರ್ಲಿಮೆಂಟು ತೆರಿಗೆ ಒಪ್ಪಿದ್ದು ಯೆಹೂದಿಗಳ ಸಾಲ ವ್ಯವಹಾರಕ್ಕೆ ಕಡಿವಾಣ ಹಾಕಿಸಿಕೊಂಡ ಮೇಲೆ. 1290ರಲ್ಲಿ ಅದೇ ಎಡ್ವರ್ಡ್, ಈಗ ದೊರೆ, ಯೆಹೂದಿಗಳೆಲ್ಲರನ್ನೂ ದೇಶದಿಂದ ಹೊರಹಾಕಿದ. ಆ ಹೊತ್ತಿಗೆ ಉಳಿದಿದ್ದವರೇ ಎರಡು ಮೂರು ಸಾವಿರ. ಇದಕ್ಕೆ ಬದಲಾಗಿ ಪಾರ್ಲಿಮೆಂಟು ಕೊಟ್ಟ ತೆರಿಗೆ ಸುಮಾರು 1,16,000 ಪೌಂಡ್. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದೇ ಸಲಕ್ಕೆ ಎತ್ತಿದ ತೆರಿಗೆಗಳಲ್ಲಿ ಅತಿ ದೊಡ್ಡದು. ಮೂರು ಬೀಗದ ಪೆಟ್ಟಿಗೆಗಳಲ್ಲಿ ಉಳಿದಿದ್ದ ಪತ್ರಗಳನ್ನು ಲೆಕ್ಕಕ್ಕಾಗಿ ವೆಸ್ಟ್‌ಮಿನ್‌ಸ್ಟರ್‌ಗೆ ಸಾಗಿಸಿದರು.

ಚರ್ಚಿನ ಪೆಟ್ಟಿಗೆ ಇನ್ನೂ ದೂರ ಹೋಯಿತು. ಮೊದಮೊದಲು ಪಾಪವಿಮೋಚನೆ ಕತ್ತಿ ಹಿಡಿದು ಹೋದವರಿಗೆ. 1213ರಲ್ಲಿ ಇನ್ನೊಸೆಂಟ್ ಮುದುಕರು, ರೋಗಿಗಳು, ಹೆಂಗಸರು ಯಾರು ಬೇಕಾದರೂ ಹರಕೆ ಹೊತ್ತು, ಆಮೇಲೆ ಹಣ ಕೊಟ್ಟು ಬಿಡುಗಡೆ ಪಡೆಯಬಹುದೆಂದ. ಹೋಗಲಾರದವರಿಗೂ ಪುಣ್ಯದಲ್ಲಿ ಪಾಲು ಸಿಗಲೆಂಬ ಸದುದ್ದೇಶ ಅದರಲ್ಲಿತ್ತು. ಹಣದ ಉದ್ದೇಶವೂ ಇತ್ತು. ಎರಡೂವರೆ ಶತಮಾನದಲ್ಲಿ ಅದು ವ್ಯವಹಾರವಾಯಿತು. ಗುಟೆನ್‌ಬರ್ಗ್ ಅಚ್ಚುಮೊಳೆಯಿಂದ ಮುದ್ರಿಸಿದ್ದೆಂದರೆ ನಮಗೆ ಬೈಬಲ್ ನೆನಪಾಗುತ್ತದೆ. ಆದರೆ ಯುರೋಪಿನಲ್ಲಿ ತಾರೀಖು ನಮೂದಾಗಿ ಉಳಿದಿರುವ ಅತಿ ಹಳೆಯ ಮುದ್ರಣ 1454ರ ಪಾಪವಿಮೋಚನೆ ಪತ್ರ. ತುರ್ಕರಿಂದ ಸೈಪ್ರಸ್ ದ್ವೀಪವನ್ನು ಕಾಪಾಡಲು ಹಣ ಕೊಟ್ಟವರಿಗೆ ಅದನ್ನು ಕೊಡುತ್ತಿದ್ದರು. ಹೆಸರು, ಊರು, ದಿನ ತುಂಬಲು ಜಾಗ ಖಾಲಿ ಬಿಟ್ಟ ಛಾಪಾ ಫಾರಂ. ಅಚ್ಚಾದದ್ದು ಮೈನ್ಸ್ ಪಟ್ಟಣದಲ್ಲಿ. 1517ರಲ್ಲಿ ಇಂಥದೇ ಪತ್ರಗಳ ಮಾರಾಟದಿಂದ ರೇಗಿದ ಮಾರ್ಟಿನ್ ಲೂಥರ್ ತನ್ನ 95 ವಾದಗಳನ್ನು ಕಳಿಸಿದ್ದು ಮೈನ್ಸಿನ ಆರ್ಚ್‌ಬಿಷಪ್ಪನಿಗೇ. ಈ ಸಲದ ಹಣ ರೋಮಿನ ಸಂತ ಪೀಟರ್ ಚರ್ಚು ಕಟ್ಟಲು. ಧರ್ಮವನ್ನು ಒಂದುಗೂಡಿಸಲು ಎದ್ದ ಯುದ್ಧ ಬಿಟ್ಟುಹೋದ ಹುಂಡಿಯೇ ಆ ಧರ್ಮ ಒಡೆಯಲು ನೆವವಾಯಿತು.

ನಾಲ್ಕನೆಯ ದಂಡಯಾತ್ರೆ ವೆನಿಸ್ಸಿನ ಹಡಗು ಬಾಡಿಗೆ ತೀರಿಸಲಾಗದೆ ಮೊದಲು ಜಾರಾ ಎಂಬ ಕ್ರೈಸ್ತ ಪಟ್ಟಣವನ್ನೂ, 1204ರಲ್ಲಿ ಕ್ರೈಸ್ತ ಮಹಾನಗರ ಕಾನ್‌ಸ್ಟಾಂಟಿನೋಪಲನ್ನೂ ಕೊಳ್ಳೆ ಹೊಡೆದದ್ದು ಎಲ್ಲರೂ ಬಲ್ಲ ಕಥೆ. ನಾನು ಹೇಳಬೇಕೆಂದಿರುವುದು ಆ ದಂಡಿನಲ್ಲಿದ್ದ ಒಬ್ಬನ ವಿಷಯ. ಸಿಮೋನ್ ದ ಮೋಂಫೋರ್, ಪ್ಯಾರಿಸ್ ಸೀಮೆಯ ಸಾಮಂತ. ಕ್ರೈಸ್ತರ ಮೇಲೆ ಕತ್ತಿ ಎತ್ತಲಾರೆನೆಂದು ಜಾರಾದಲ್ಲಿ ದಂಡು ಬಿಟ್ಟುಹೋದ ಕೆಲವೇ ಮಂದಿಯಲ್ಲಿ ಅವನೂ ಒಬ್ಬ. ನೇಮನಿಷ್ಠೆಯ ಮನುಷ್ಯ. ಏಳು ವರ್ಷದ ನಂತರ ಅವನೇ ದಕ್ಷಿಣ ಫ್ರಾನ್ಸಿನ ಹಳ್ಳಿ ಪಟ್ಟಣಗಳನ್ನು ಸುಡುತ್ತಿದ್ದ.

ಲಾಂಗೆಡಾಕ್ ಎಂಬ ಆ ಸೀಮೆಯಲ್ಲಿ ರೋಮಿನ ಚರ್ಚನ್ನು ಒಪ್ಪದ ‘ಸಜ್ಜನರು’ ಊರೂರು ತಿರುಗಿ ಬೋಧಿಸುತ್ತಿದ್ದರು. ಹೊರಗಿನವರು ಅವರನ್ನು ಕ್ಯಾಥರ್‌ಗಳೆಂದೂ ಆಲ್ಬಿಜೆನ್ಸಿಯನ್ನರೆಂದೂ ಕರೆದರು. 1208ರ ಜನವರಿಯಲ್ಲಿ ಪೋಪನ ಪ್ರತಿನಿಧಿಯೊಬ್ಬನ ಕೊಲೆಯಾದಾಗ ಇನ್ನೊಸೆಂಟ್ ಈ ಕ್ರೈಸ್ತ ನಾಡಿನ ಮೇಲೇ ಧರ್ಮಯುದ್ಧ ಸಾರಿದ. ಜೆರುಸಲೇಮಿಗೆ ಹೋದಷ್ಟೇ ಪುಣ್ಯ. ನಲವತ್ತು ದಿನ ಸೇವೆ ಸಾಕು. ಸಮುದ್ರ ದಾಟಬೇಕಾಗಿಲ್ಲ, ಸುಗ್ಗಿಗೆ ಮನೆ ಸೇರಬಹುದು. 1209ರ ಜುಲೈ 22ರಂದು ಬೆಜಿಯೆ ಪಟ್ಟಣ ಬಿತ್ತು. ಯಾರು ನಿಷ್ಠ ಕ್ರೈಸ್ತ, ಯಾರು ಅಲ್ಲವೆಂಬ ವಿಚಾರಣೆ ನಡೆಯಲಿಲ್ಲ. ಸುಮಾರು 20,000 ಜನರನ್ನು ಕೊಂದೆವೆಂದು ಪೋಪನ ಪ್ರತಿನಿಧಿ ಆರ್ನೋ ಅಮಾಲ್ರಿಕ್ ಹೆಮ್ಮೆಯಿಂದ ರೋಮಿಗೆ ಬರೆದ. ಸಂಖ್ಯೆ ಉತ್ಪ್ರೇಕ್ಷೆಯೇ ಇರಬಹುದು; ಉತ್ಪ್ರೇಕ್ಷೆ ಮಾಡಬೇಕೆನ್ನಿಸಿತಲ್ಲ, ಅದು ಹೆಚ್ಚು ಹೇಳುತ್ತದೆ. ಮರುವರ್ಷ ಬ್ರಾಮ್ ಎಂಬಲ್ಲಿ ಸಿಮೋನ್ ನೂರು ಸೆರೆಯಾಳುಗಳ ಕಣ್ಣು ಕೀಳಿಸಿ, ದಾರಿ ತೋರಿಸಲೆಂದು ಒಬ್ಬನಿಗೆ ಮಾತ್ರ ಒಂದು ಕಣ್ಣು ಉಳಿಸಿ, ಮುಂದಿನ ಕೋಟೆಗೆ ಅಟ್ಟಿದ. ಇದಕ್ಕೆ ಮೊದಲು ಎದುರು ಪಕ್ಷದವರೂ ಅವನ ಕಡೆಯವರಿಗೆ ಇಂಥದೇ ಗತಿ ಕಾಣಿಸಿದ್ದರು. 1218ರಲ್ಲಿ ಟುಲೂಸ್ ಮುತ್ತಿಗೆಯಲ್ಲಿ ಕವಣೆಯಂತ್ರದ ಕಲ್ಲು ತಲೆಗೆ ಬಡಿದು ಸಿಮೋನ್ ಸತ್ತ. ಆ ಯಂತ್ರ ನಡೆಸುತ್ತಿದ್ದವರು ಊರಿನ ಹೆಂಗಸರೆಂದು ಅಲ್ಲಿಯವರು ಹಾಡಿಕೊಂಡರು.

ಯುದ್ಧ 1229ರಲ್ಲಿ ಒಪ್ಪಂದದೊಂದಿಗೆ ಮುಗಿಯಿತು. ಟುಲೂಸ್ ಸೀಮೆ ಮುಂದೆ ಫ್ರೆಂಚ್ ದೊರೆಯ ಪಾಲಾಯಿತು. ಕತ್ತಿ ಮುಗಿಸಲಾರದ್ದನ್ನು ಲೇಖನಿಗೆ ಒಪ್ಪಿಸಿದರು. 1233ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿ ಡೊಮಿನಿಕನ್ ಸಂನ್ಯಾಸಿಗಳಿಗೆ ಇಲ್ಲಿ ಧರ್ಮವಿಚಾರಣೆಯ ಅಧಿಕಾರ ಕೊಟ್ಟ. 1245ರ ಮೇ ತಿಂಗಳಿಂದ ಮರುವರ್ಷದ ಆಗಸ್ಟ್‌ವರೆಗೆ ಬೆರ್ನಾರ್ ದ ಕೋ ಮತ್ತು ಜಾನ್ ದ ಸೇಂಟ್ ಪಿಯೆರ್ ಎಂಬ ಇಬ್ಬರು ವಿಚಾರಕರು ಟುಲೂಸಿನ ಸೇಂಟ್ ಸೆರ್ನಾನ್ ಮಠದ ಅಂಗಳದಲ್ಲಿ ಕೂತು ಸುತ್ತಲ ಹಳ್ಳಿಗಳ 5,000ಕ್ಕೂ ಹೆಚ್ಚು ಜನರನ್ನು ಒಬ್ಬೊಬ್ಬರಾಗಿ ಕರೆಸಿ ಕೇಳಿದರು. ಹದಿನಾಲ್ಕು ದಾಟಿದ ಗಂಡು, ಹನ್ನೆರಡು ದಾಟಿದ ಹೆಣ್ಣು, ಎಲ್ಲರೂ ಬರಬೇಕು. ಪ್ರಶ್ನೆಗಳು ತೀರಾ ಸಾದಾ. ಆ ‘ಸಜ್ಜನ’ರನ್ನು ನೋಡಿದ್ದೀಯಾ? ಯಾವಾಗ? ಯಾರ ಮನೆಯಲ್ಲಿ? ಇನ್ನೂ ಯಾರಿದ್ದರು? ಬಗ್ಗಿ ನಮಸ್ಕರಿಸಿದೆಯಾ? ಅವರು ಹರಸಿಕೊಟ್ಟ ರೊಟ್ಟಿ ತಿಂದೆಯಾ? ಮೂವತ್ತು ವರ್ಷ ಹಿಂದಿನ ಸಂಗತಿಗಳನ್ನು ಮುದುಕಿಯರು ನೆನಪು ಮಾಡಿಕೊಂಡು ಹೇಳಬೇಕಿತ್ತು: ಸತ್ತುಹೋದ ಗಂಡನ ಹೆಸರು, ಅಕ್ಕನ ಹೆಸರು, ಅಡುಗೆಮನೆಯಲ್ಲಿ ನೀರು ಕೊಟ್ಟವಳ ಹೆಸರು. ಊರ ಭಾಷೆಯಲ್ಲಿ ಹೇಳಿದ್ದನ್ನು ಗುಮಾಸ್ತರು ಲ್ಯಾಟಿನ್ನಿಗೆ ತಿರುಗಿಸಿ ಬರೆದುಕೊಂಡರು. ಆ ಹೊತ್ತಗೆಯ ಪ್ರತಿ ಇಂದಿಗೂ ಟುಲೂಸಿನ ಗ್ರಂಥಾಲಯದಲ್ಲಿದೆ.

ಆ ವಿಚಾರಣೆಯಿಂದ ಚಿತೆಗೆ ಹೋದವರು ಅಪರೂಪ. ಸೆರೆಮನೆಗೆ ಹೋದವರೂ ಸ್ವಲ್ಪವೇ ಮಂದಿ. ಹೆಚ್ಚಿನವರಿಗೆ ವಿಧಿಸಿದ್ದು ಬಟ್ಟೆಯ ಮೇಲೆ, ಎದೆಗೂ ಬೆನ್ನಿಗೂ, ಹಳದಿ ಶಿಲುಬೆ ಹೊಲಿದುಕೊಂಡು ತಿರುಗುವ ಶಿಕ್ಷೆ. ಅಂಥವರಿಗೆ ಕೆಲಸ ಕೊಡುವವರಿಲ್ಲ, ಅವರ ಮಕ್ಕಳಿಗೆ ಹೆಣ್ಣು ಕೊಡುವವರಿಲ್ಲ. 1095ರಲ್ಲಿ ಜನ ಮುಗಿಬಿದ್ದು ಹೆಗಲಿಗೆ ಹೊಲಿಸಿಕೊಂಡದ್ದೂ ಬಟ್ಟೆಯ ಶಿಲುಬೆಯನ್ನೇ. ಯೆಹೂದಿಗಳೂ ಮುಸ್ಲಿಮರೂ ಕ್ರೈಸ್ತರಿಂದ ಬೇರೆಯಾಗಿ ಕಾಣುವ ಉಡುಪು ಧರಿಸಬೇಕೆಂದು 1215ರ ಲ್ಯಾಟೆರನ್ ಧರ್ಮಸಭೆಯೂ ಗೊತ್ತುಮಾಡಿತ್ತು. ಹೊಸ ದಂಡಯಾತ್ರೆಯನ್ನು ಸಾರಿದ್ದೂ ಅದೇ ಸಭೆ. ನೋಡಿದ ಕೂಡಲೇ ಯಾರು ಯಾರೆಂದು ತಿಳಿಯಬೇಕೆಂಬ ಚಟ ಸಮಾಜಕ್ಕೆ ಅಂಟಿದ್ದು ಹೀಗೆ.

ಈ ವಿಚಾರಣೆಯ ಯಂತ್ರ ತನ್ನನ್ನು ಸಾಕಿದವರನ್ನೂ ಬಿಡಲಿಲ್ಲ. ಟೆಂಪ್ಲರ್‌ಗಳು ಜೆರುಸಲೇಮಿನ ಯಾತ್ರಿಕರನ್ನು ಕಾಯಲು ಹುಟ್ಟಿದ ಸಂನ್ಯಾಸಿಯೋಧರು. ದುಡ್ಡು ಸಾಗಿಸುವುದರಲ್ಲಿ ಗಳಿಸಿದ ವಿಶ್ವಾಸದಿಂದ ಬೆಳೆದು ಫ್ರೆಂಚ್ ದೊರೆಗಳ ಖಜಾನೆಯನ್ನೇ ಪ್ಯಾರಿಸಿನ ತಮ್ಮ ಕೋಟೆಯಲ್ಲಿ ಇಟ್ಟುಕೊಂಡಿದ್ದರು. ಆಕ್ರೆ ಬಿದ್ದ ಮೇಲೆ ಅವರಿಗೆ ಕಾಯಲು ಏನೂ ಉಳಿಯಲಿಲ್ಲ, ಆಸ್ತಿ ಮಾತ್ರ ಉಳಿಯಿತು. 1307ರ ಅಕ್ಟೋಬರ್ 13ರ ಶುಕ್ರವಾರ ಬೆಳಗ್ಗೆ ನಾಲ್ಕನೆಯ ಫಿಲಿಪ್ ಫ್ರಾನ್ಸಿನಾದ್ಯಂತ ಅವರನ್ನು ಬಂಧಿಸಿದ. ಆರೋಪ ಧರ್ಮದ್ರೋಹ, ವಿಚಾರಕ ಅರಸನ ಪಾಪನಿವೇದನೆ ಕೇಳುವ ಡೊಮಿನಿಕನ್ನನೇ. ಪ್ಯಾರಿಸಿನಲ್ಲಿ ಮೊದಲು ವಿಚಾರಣೆಗೊಳಗಾದ 138 ಮಂದಿಯಲ್ಲಿ 134 ಜನ ಯಾವುದೋ ಒಂದು ತಪ್ಪನ್ನು ಒಪ್ಪಿಕೊಂಡರು. ಚಿತ್ರಹಿಂಸೆಗೆ 1252ರಲ್ಲೇ ಪೋಪನ ಅನುಮತಿ ಸಿಕ್ಕಿತ್ತು.

ಎದುರು ಪಾಳೆಯದಲ್ಲೂ ಯುದ್ಧ ತನ್ನ ಕೆಲಸ ಮಾಡಿತು. ಅಸ್ಕಲಾನ್ ಪಟ್ಟಣ ರಿಚರ್ಡನಿಗೆ ಸಿಗಬಾರದೆಂದು 1191ರಲ್ಲಿ ಸಲಾದಿನ್ ತಾನೇ ಅದನ್ನು ಕೆಡವಿಸಿದ, ನೊಂದುಕೊಂಡೇ ಕೆಡವಿಸಿದ. 1250ರಲ್ಲಿ ಫ್ರಾನ್ಸಿನ ಒಂಬತ್ತನೆಯ ಲೂಯಿಯನ್ನು ಈಜಿಪ್ಟಿನಲ್ಲಿ ಸೆರೆಹಿಡಿದ ಮಮ್ಲೂಕ್ ಎಂಬ ಗುಲಾಮ ಸೈನಿಕರು ಕೆಲವೇ ವಾರಗಳಲ್ಲಿ ತಮ್ಮ ಸುಲ್ತಾನನನ್ನೇ ಕೊಂದು ರಾಜ್ಯ ಹಿಡಿದರು. ಅವರದೇ ಸಾಲಿನ ಬೈಬರ್ಸ್, ಕಲಾವುನ್ ಮೊದಲಾದವರು ಪ್ಯಾಲೆಸ್ಟೈನ್ ಕರಾವಳಿಯ ಬಂದರುಗಳನ್ನು ಶತ್ರು ಮತ್ತೆ ಬಂದಿಳಿಯದಂತೆ ಸಾಲಾಗಿ ನೆಲಸಮ ಮಾಡಿದರು. ಸಾವಿರಾರು ವರ್ಷದ ಪಟ್ಟಣಗಳು ಶತಮಾನಗಳ ಕಾಲ ಹಾಳು ಬಿದ್ದವು.

ನಮ್ಮ ಕರಾವಳಿಗೂ ಇದರ ಒಂದು ಕವಲು ಬಂದು ಸೇರುತ್ತದೆ. ಟೆಂಪ್ಲರ್‌ಗಳ ಸಂಘ 1312ರಲ್ಲಿ ರದ್ದಾದಾಗ ಪೋರ್ಚುಗಲ್ಲಿನ ದೊರೆ ದಿನಿಸ್ ಅವರ ಆಸ್ತಿಯನ್ನು ಹೊರಗೆ ಹೋಗಗೊಡಲಿಲ್ಲ. 1319ರಲ್ಲಿ ‘ಕ್ರಿಸ್ತನ ಸಂಘ’ ಎಂಬ ಹೊಸ ಹೆಸರಿನಲ್ಲಿ ಅದನ್ನು ಉಳಿಸಿಕೊಂಡ. 1420ರಲ್ಲಿ ರಾಜಕುಮಾರ ಹೆನ್ರಿ ಆ ಸಂಘದ ಆಡಳಿತಾಧಿಕಾರಿಯಾದ. ಆಫ್ರಿಕಾ ಕರಾವಳಿಯ ಅವನ ಹಡಗುಗಳಿಗೆ ಸಂಘದ ಆದಾಯ ಬೆಂಬಲವಾಯಿತು. 1455ರ ಪೋಪನ ಶಾಸನ ಆ ಯಾನಗಳಿಗೆ ಧರ್ಮಯುದ್ಧದ ಭಾಷೆಯಲ್ಲೇ ಹಕ್ಕು ಬರೆದುಕೊಟ್ಟಿತು. ಹೀಗೆ ಬಂದ ಪೋರ್ಚುಗೀಸರು 1510ರಲ್ಲಿ, ಹೊನ್ನಾವರದ ನೌಕಾನಾಯಕ ತಿಮ್ಮಯ್ಯನ ಸಲಹೆ ಸಹಾಯದಿಂದ, ಗೋವಾ ಹಿಡಿದರು. ಟುಲೂಸಿನಲ್ಲಿ ಹುಟ್ಟಿದ ವಿಚಾರಣೆಯ ಪದ್ಧತಿ ಸ್ಪೇನಿನಲ್ಲಿ ರಾಜರ ಕೈ ಸೇರಿ, 1536ರಲ್ಲಿ ಪೋರ್ಚುಗಲ್ಲಿಗೆ ಬಂದು, 1560ರಲ್ಲಿ ಗೋವಾದಲ್ಲಿ ಪೀಠ ಹಾಕಿತು. ಅದರ ಕೈಗೆ ಹೆಚ್ಚಾಗಿ ಸಿಕ್ಕಿದವರು ಮತಾಂತರಗೊಂಡ ಮೇಲೂ ಹಳೆಯ ಆಚಾರ ಬಿಡದವರು. ದೇವಸ್ಥಾನಗಳ ಧ್ವಂಸ, ಮತಾಂತರದ ಒತ್ತಡ, ಈ ಪೀಠದ ಭಯ, ಕ್ಷಾಮ, ಯುದ್ಧ ಇವೆಲ್ಲ ಸೇರಿ ಕೊಂಕಣಿ ಕುಟುಂಬಗಳನ್ನು ತಲೆಮಾರುಗಳ ಕಾಲ ದಕ್ಷಿಣಕ್ಕೆ ತಳ್ಳಿದವು. ಕಾರವಾರದಿಂದ ಮಂಗಳೂರಿನವರೆಗಿನ ಸಾರಸ್ವತರಲ್ಲೂ ಕೊಂಕಣಿ ಕ್ರೈಸ್ತರಲ್ಲೂ ಅನೇಕರ ಪೂರ್ವಿಕರು ಹೀಗೆ ಬಂದವರು. ಗೋವಾದ ಪೀಠವನ್ನು 1774ರಲ್ಲಿ ಮುಚ್ಚಿದರು, 1778ರಲ್ಲಿ ಮತ್ತೆ ತೆರೆದರು, 1812ರಲ್ಲಿ ಕೊನೆಗೂ ರದ್ದು ಮಾಡಿದರು. ಆಗ ಆಕ್ರೆ ಬಿದ್ದು 521 ವರ್ಷ ಕಳೆದಿತ್ತು.